ವೋರಿಂಗ್ಸ್‌ಫೊಸ್ಸೆನ್ ಜಲಪಾತ: ಮೇ ತಿಂಗಳಿನಲ್ಲೇ ಹೋಗಬಹುದೇ, ಜೂನ್‌ವರೆಗೆ ಕಾಯಬೇಕೇ?

ಉತ್ತರಪಯಣಿಗ:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮಧ್ಯದಲ್ಲಿ ತಾಯಿಯವರನ್ನು ಕರೆದುಕೊಂಡು ನಾರ್ವೆಗೆ ಹೋಗಬೇಕೆಂದಿದ್ದೇನೆ. ಬೆರ್ಗೆನ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟು, ಐಡ್‌ಫ್ಯೋರ್ಡ್ ಊರಿನಲ್ಲಿ ತಂಗಿ, ವೋರಿಂಗ್ಸ್‌ಫೊಸ್ಸೆನ್ ಜಲಪಾತವನ್ನು ನೋಡಿಕೊಂಡು, ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯನ್ನು ದಾಟಿ ಓಸ್ಲೋ ಸೇರುವುದು ನಮ್ಮ ಯೋಜನೆ. ಟಿಕೆಟ್ ಇನ್ನೂ ಕಾದಿರಿಸಿಲ್ಲ, ಆದ್ದರಿಂದ ದಿನಾಂಕ ಬದಲಿಸಲು ಅವಕಾಶವಿದೆ.

ನನ್ನನ್ನು ಕಾಡುತ್ತಿರುವುದು ಇಷ್ಟು. ಕೆಲವು ಚಿತ್ರಗಳಲ್ಲಿ ಕಮರಿಯ ತುಂಬ ತುಂತುರು ಎದ್ದು, ಇಡೀ ಬಂಡೆಯ ಗೋಡೆಯೇ ನೀರಾದಂತೆ ಕಾಣುತ್ತದೆ. ಮೇ ತಿಂಗಳಿನಲ್ಲಿ ಹೋಗಿಬಂದ ಪರಿಚಿತರೊಬ್ಬರು ತೋರಿಸಿದ ಚಿತ್ರದಲ್ಲಾದರೋ ಅದೇ ಗೋಡೆಯ ಮೇಲೆ ತೆಳುವಾದೊಂದು ಧಾರೆಯಷ್ಟೇ ಇದೆ. ಹಿಮ ಕರಗುವ ಕಾಲದಲ್ಲಿ ನೀರು ಹೆಚ್ಚಿರಬೇಕಲ್ಲವೇ? ತಾಯಿಯವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ. ಅವರು ಕಾರಿನಿಂದ ಇಳಿದು ಸ್ವಲ್ಪ ನಡೆದು ನೆಮ್ಮದಿಯಿಂದ ನೋಡುವಂತಹ ಜಾಗ ಅಲ್ಲಿದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಬೆರ್ಗೆನ್‌ವಾಸಿ:
ಜೂನ್ 1ರ ನಂತರ ಬನ್ನಿ. ಉಳಿದದ್ದೆಲ್ಲ ಆಮೇಲಿನ ಮಾತು.

ಉತ್ತರಪಯಣಿಗ:
ಅಷ್ಟು ಖಚಿತವಾಗಿ ಒಂದು ತಾರೀಖನ್ನೇ ಹೇಳುತ್ತಿದ್ದೀರಲ್ಲ, ಕಾರಣವೇನು ಎಂದು ತಿಳಿಸುವಿರಾ?

ಬೆರ್ಗೆನ್‌ವಾಸಿ:
ವೋರಿಂಗ್ಸ್‌ಫೊಸ್ಸೆನ್‌ಗೆ ನೀರು ತರುವುದು ಬ್ಯೋರೇಯಾ ನದಿ. ಜಲಪಾತದ ಮೇಲ್ಭಾಗದಲ್ಲಿ, ಪ್ರಸ್ಥಭೂಮಿಯ ಮೇಲೆ, ಈ ನದಿಗೆ ಸೀಸೆನ್ ಅಣೆಕಟ್ಟನ್ನು ಕಟ್ಟಲಾಗಿದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಜಲಪಾತದಲ್ಲಿ ಸೆಕೆಂಡಿಗೆ ಕನಿಷ್ಠ 12 ಘನ ಮೀಟರ್ ನೀರು ಹರಿಯಲೇಬೇಕು ಎಂಬುದು ವಿದ್ಯುತ್ ಯೋಜನೆಗೆ ಅನುಮತಿ ಕೊಡುವಾಗಲೇ ಹಾಕಿದ ಷರತ್ತು. ನಮ್ಮಲ್ಲಿ ರೂಢಿಯಲ್ಲಿರುವ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 424 ಕ್ಯೂಸೆಕ್. ಆ ಅವಧಿಯ ಹೊರಗೆ ಆ ಷರತ್ತು ಅನ್ವಯಿಸುವುದಿಲ್ಲ. ಆಗ ಅಣೆಕಟ್ಟಿನ ಕೆಳಗಿನ ಬೆಟ್ಟಗಳಿಂದ ಇಳಿದುಬರುವ ಹಿಮದ ನೀರು, ಮಳೆಯ ನೀರು ಎಷ್ಟಿರುತ್ತದೋ ಅಷ್ಟೇ ಜಲಪಾತಕ್ಕೆ ಸಿಗುತ್ತದೆ. ನಿಮ್ಮ ಪರಿಚಿತರ ಚಿತ್ರ ಸುಳ್ಳಲ್ಲ, ಆ ದೊಡ್ಡ ಚಿತ್ರಗಳೂ ಸುಳ್ಳಲ್ಲ.

ಕಾಡುಹಾದಿ:
ತೂಬು ತೆರೆದು, ತಾರೀಖು ಗೊತ್ತುಮಾಡಿ ಬಿಡುವ ನೀರನ್ನು ನೋಡಲು ಅಷ್ಟು ದೂರ ಹೋಗಬೇಕೇ? ನಾನು ಇದನ್ನು ಗಂಭೀರವಾಗಿಯೇ ಕೇಳುತ್ತಿದ್ದೇನೆ. ಜಲಪಾತವೆಂದರೆ ನದಿ ತನ್ನ ಇಚ್ಛೆಯಂತೆ ಹರಿದು ಧುಮುಕುವುದು. ಬೇಸಿಗೆಯ ಪ್ರವಾಸಿಗರಿಗಾಗಿ ಅಳೆದು ಬಿಟ್ಟ ನೀರು ಎಷ್ಟೇ ಭವ್ಯವಾಗಿ ಕಂಡರೂ ಅದರಲ್ಲಿ ನದಿಯ ಸ್ವಭಾವ ಉಳಿದಿರುವುದಿಲ್ಲ.

ವಿದ್ಯುತ್‌ಮಿತ್ರ:
ಕಾಡುಹಾದಿಯವರ ಪ್ರಶ್ನೆಗೆ ಉತ್ತರಿಸುವ ಮೊದಲು, ಮೇ ತಿಂಗಳಿನಲ್ಲಿ ಹಿಮ ಕರಗುತ್ತಿದ್ದರೂ ಜಲಪಾತ ಏಕೆ ಸೊರಗಿರುತ್ತದೆ ಎಂಬ ಮೂಲ ಪ್ರಶ್ನೆಯನ್ನು ಬಿಡಿಸಿ ಹೇಳುವುದು ಉಪಯುಕ್ತವೆಂದು ನನಗೆ ತೋರುತ್ತದೆ, ಏಕೆಂದರೆ ಇಲ್ಲಿ ನಮ್ಮ ಸಾಮಾನ್ಯ ತರ್ಕ ತಲೆಕೆಳಗಾಗುತ್ತದೆ.

ನಾರ್ವೆಯ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ನೀರಿನಿಂದಲೇ ಬರುತ್ತದೆ. ಅಲ್ಲಿ ಮನೆಗಳನ್ನು ಬೆಚ್ಚಗಿಡುವುದಕ್ಕೂ ಹೆಚ್ಚಾಗಿ ವಿದ್ಯುತ್ತನ್ನೇ ಬಳಸುವುದರಿಂದ ಬೇಡಿಕೆ ಚಳಿಗಾಲದಲ್ಲಿ ಏರುತ್ತದೆ. ಬೆಟ್ಟದ ಮೇಲೆ ಬೀಳುವುದೆಲ್ಲ ಆ ತಿಂಗಳುಗಳಲ್ಲಿ ಹಿಮವಾಗಿ ನಿಂತುಬಿಡುತ್ತದೆ, ಜಲಾಶಯಕ್ಕೆ ಒಳಹರಿವು ಇರುವುದಿಲ್ಲ. ಹಾಗಾಗಿ ಚಳಿಗಾಲವಿಡೀ ಜಲಾಶಯದ ನೀರು ಖರ್ಚಾಗುತ್ತಾ ಹೋಗಿ, ವಸಂತದ ಹೊತ್ತಿಗೆ ಮಟ್ಟ ತಳ ಮುಟ್ಟಿರುತ್ತದೆ. ಮೇ ತಿಂಗಳಿನಲ್ಲಿ ಹಿಮ ಕರಗತೊಡಗಿದಾಗ ಆ ನೀರನ್ನೆಲ್ಲ ಮೊದಲು ಕುಡಿಯುವುದು ಬರಿದಾದ ಈ ಜಲಾಶಯವೇ. ಅಣೆಕಟ್ಟು ಇಲ್ಲದಿದ್ದ ಕಾಲದಲ್ಲಿ ನದಿ ಅತಿ ರಭಸದಿಂದ ಹರಿಯುತ್ತಿದ್ದ ವಾರಗಳಲ್ಲೇ ಈಗ ಅದರ ನೀರು ಮೇಲೆಯೇ ನಿಲ್ಲುತ್ತದೆ.

ಸೀಸೆನ್ ಅಣೆಕಟ್ಟು ಸಣ್ಣದಲ್ಲ. ಕಲ್ಲುಗಳನ್ನು ಪೇರಿಸಿ ಕಟ್ಟಿದ ಈ ಅಣೆಕಟ್ಟು 81 ಮೀಟರ್ ಎತ್ತರ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. 7ನೇ ರಾಷ್ಟ್ರೀಯ ಹೆದ್ದಾರಿಯಿಂದಲೇ ಕಾಣುತ್ತದೆ. ಜಲಾಶಯದ ನೀರು ತುಂಬಿದಾಗ ಅದರ ಮಟ್ಟ ಸಮುದ್ರದಿಂದ 940 ಮೀಟರ್ ಮೇಲಿರುತ್ತದೆ. ಅಲ್ಲಿಂದ ನೀರು ಬೆಟ್ಟದೊಳಗಿನ ಸುರಂಗದಲ್ಲಿ ಇಳಿದು, ಬಂಡೆಯ ಒಳಗೇ ಕೊರೆದು ಕಟ್ಟಿರುವ ಸೀಮಾ ವಿದ್ಯುದಾಗಾರವನ್ನು ಸೇರುತ್ತದೆ. 1980ರಲ್ಲಿ ಕೆಲಸ ಆರಂಭಿಸಿದ ಆ ವಿದ್ಯುದಾಗಾರದ ಸಾಮರ್ಥ್ಯ 1,120 ಮೆಗಾವ್ಯಾಟ್. ಅಂದರೆ ಜಲಪಾತದ ಎತ್ತರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಇಳಿತವನ್ನು ನೀರು ಕಣ್ಣಿಗೆ ಕಾಣದಂತೆ ಇಳಿದುಹೋಗುತ್ತದೆ.

ಮೋಡದಾಚೆ:
ಬಹಳ ಚೆನ್ನಾಗಿ ವಿವರಿಸಿದಿರಿ. ಜಲಾಶಯವೇ ಮೊದಲು ತುಂಬಬೇಕು ಎಂಬ ಅಂಶ ನನಗೆ ಹೊಳೆದಿರಲಿಲ್ಲ.

ಕಾಡುಹಾದಿ:
ವಿದ್ಯುತ್‌ಮಿತ್ರರ ವಿವರಣೆಯನ್ನು ಗೌರವದಿಂದ ಓದಿದೆ, ಆದರೆ ಅದು ನನ್ನ ಆಕ್ಷೇಪವನ್ನು ಇನ್ನಷ್ಟು ಬಲಪಡಿಸುತ್ತದೆ. ನದಿ ಉಕ್ಕಬೇಕಾದ ಕಾಲದಲ್ಲಿ ಬತ್ತಿರುತ್ತದೆ, ಪ್ರವಾಸಿಗರು ಬರುವ ಕಾಲದಲ್ಲಿ ಹರಿಯುತ್ತದೆ ಎಂದಮೇಲೆ ನಾವು ನೋಡುವುದು ನದಿಯನ್ನೇ ಎಂದು ಹೇಗೆ ಹೇಳುವುದು?

ಈ ಕೊರಗು ನನ್ನೊಬ್ಬನದಲ್ಲ. 1970ರಲ್ಲಿ ಮಾರ್ಡಾಲ್ಸ್‌ಫೊಸ್ಸೆನ್ ಜಲಪಾತವನ್ನು ಉಳಿಸಿಕೊಳ್ಳಲು ನಾರ್ವೆಯ ಜನ ಕಾಮಗಾರಿಯ ದಾರಿಗೆ ಅಡ್ಡವಾಗಿ ಕುಳಿತು ಸತ್ಯಾಗ್ರಹ ಮಾಡಿದರು. ತತ್ತ್ವಶಾಸ್ತ್ರಜ್ಞ ಆರ್ನೆ ನೆಸ್ ಅವರೂ ಅವರಲ್ಲಿದ್ದರು, ಪೊಲೀಸರು ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಅಷ್ಟಾದರೂ ಯೋಜನೆ ನಿಲ್ಲಲಿಲ್ಲ. ಒಟ್ಟು 700 ಮೀಟರಿಗೂ ಮಿಕ್ಕಿ ಇಳಿಯುವ ಆ ಜಲಪಾತದಲ್ಲಿ ಈಗ ಜೂನ್ 20ರಿಂದ ಆಗಸ್ಟ್ 20ರವರೆಗೆ ಮಾತ್ರ ನೀರು ಬಿಡುತ್ತಾರೆ. ವರ್ಷಕ್ಕೆ ಎರಡು ತಿಂಗಳು! ಅದನ್ನು ನೋಡಿ ಸಂತೋಷಪಡುವುದು ನನ್ನಿಂದಾಗದು.

ನಿಜವಾದ ಜಲಪಾತ ಬೇಕೆಂದರೆ ಉಟ್ಲಾಡಾಲೆನ್ ಕಣಿವೆಯ ವೆಟ್ಟಿಸ್‌ಫೊಸ್ಸೆನ್‌ಗೆ ಹೋಗಿ. 275 ಮೀಟರ್ ಒಂದೇ ಜಿಗಿತ, 1924ರಿಂದಲೂ ಸಂರಕ್ಷಿತ, ಅಣೆಕಟ್ಟಿನ ಹಂಗಿಲ್ಲ.

ಬೆರ್ಗೆನ್‌ವಾಸಿ:
ಕಾಡುಹಾದಿಯವರೇ, ವೆಟ್ಟಿಸ್‌ಫೊಸ್ಸೆನ್ ಅದ್ಭುತವಾದದ್ದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಕಾರು ನಿಲ್ಲಿಸುವ ಹ್ಯೆಲ್ಲೆಯಿಂದ ಅಲ್ಲಿಗೆ ಒಂದು ಬದಿಗೇ ಸುಮಾರು 6 ಕಿಲೋಮೀಟರ್ ನಡೆಯಬೇಕು. ಕೇಳಿದವರು ಮೊಣಕಾಲು ನೋವಿರುವ ತಾಯಿಯ ಜೊತೆ ಹೋಗುತ್ತಿದ್ದಾರೆ.

ಕಾಡುಹಾದಿ:
ಆ ಮಾತನ್ನು ಒಪ್ಪುತ್ತೇನೆ. ಅವರ ತಾಯಿಯವರಿಗೆ ಅದು ತಕ್ಕುದಲ್ಲ.

ಹಳೆಯಓದುಗ:
ಎತ್ತರದ ವಿಷಯ ಬಂದದ್ದರಿಂದ ಒಂದು ಮಾತು. ವೋರಿಂಗ್ಸ್‌ಫೊಸ್ಸೆನ್‌ನ ಎತ್ತರವನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ. 182 ಮೀಟರ್ ಎಂಬುದು ಒಟ್ಟು ಇಳಿತ, 163 ಮೀಟರ್ ಎಂಬುದು ಮುಖ್ಯ ಜಿಗಿತ.

ಈ ಅಳತೆಯ ಹಿಂದೆ ಸೊಗಸಾದ ಕಥೆಯೊಂದಿದೆ. 1821ರಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕ ಕ್ರಿಸ್ಟೊಫರ್ ಹಾನ್‌ಸ್ಟೀನ್ ಅವರು ಈ ಹಾದಿಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ಜಲಪಾತವನ್ನು ಕಂಡರು. ಅದುವರೆಗೆ ಸುತ್ತಲಿನ ಜನರಿಗಷ್ಟೇ ಗೊತ್ತಿದ್ದ ಜಲಪಾತ ಹೊರಗಿನವರ ಕಿವಿಗೆ ಬಿದ್ದದ್ದು ಅವರಿಂದ. ಅವರು ಅಂಚಿನಿಂದ ಕಲ್ಲುಗಳನ್ನು ಎಸೆದು, ಕಿಸೆಯ ಗಡಿಯಾರದಲ್ಲಿ ಅವು ಬೀಳುವ ಸಮಯವನ್ನು ನೋಡಿ, ಎತ್ತರ ಸುಮಾರು 280 ಮೀಟರ್ ಎಂದು ಅಂದಾಜಿಸಿದರು. 1893ರಲ್ಲಿ ಹಗ್ಗ ಇಳಿಬಿಟ್ಟು ಅಳೆದಾಗ 163 ಮೀಟರ್ ಬಂತು.

ವ್ಯತ್ಯಾಸ ದೊಡ್ಡದೆಂದು ಕಂಡರೂ ಲೆಕ್ಕ ಹಾಕಿ ನೋಡಿ. ಗಾಳಿಯ ತಡೆಯನ್ನು ಬಿಟ್ಟರೆ 163 ಮೀಟರ್ ಬೀಳಲು ಕಲ್ಲಿಗೆ ಸುಮಾರು 5.8 ಸೆಕೆಂಡು ಬೇಕು, 280 ಮೀಟರಿಗೆ ಸುಮಾರು 7.6 ಸೆಕೆಂಡು. ನೂರಕ್ಕೂ ಹೆಚ್ಚು ಮೀಟರುಗಳ ಅಂತರ ಎರಡು ಸೆಕೆಂಡಿನೊಳಗೆ ಅಡಗಿದೆ. ಸದ್ದು ಮೇಲಕ್ಕೆ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಗಾಳಿಯ ತಡೆ ಕಲ್ಲನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಮೋರೆಗೆ ತುಂತುರು ಬಡಿಯುತ್ತಿರುವಾಗ ಅಷ್ಟು ಕೆಳಗಿನ ಕಲ್ಲು ನೆಲ ಮುಟ್ಟಿದ ಗಳಿಗೆಯನ್ನು ಗುರುತಿಸುವುದೂ ಸುಲಭವಲ್ಲ. ಆ ಪರಿಸ್ಥಿತಿಯಲ್ಲಿ ಅಳೆಯಬೇಕೆಂಬ ಕುತೂಹಲ ಅವರಿಗೆ ಹುಟ್ಟಿತಲ್ಲ, ಅದನ್ನು ನಾನು ಮೆಚ್ಚುತ್ತೇನೆ.

ಮೋಡದಾಚೆ:
ಈಗ ಯಾರೂ ಅಂಚಿನಿಂದ ಕಲ್ಲು ಎಸೆಯಬಾರದು ಎಂದು ಸೇರಿಸುವುದು ಒಳ್ಳೆಯದು. ಕೆಳಗಿನ ಕಮರಿಯಲ್ಲಿ ಚಾರಣಿಗರು ಇರುತ್ತಾರೆ.

ಹಳೆಯಓದುಗ:
ಖಂಡಿತ. ಅತ್ಯಗತ್ಯವಾದ ಎಚ್ಚರಿಕೆ.

ನಿಧಾನನಡಿಗೆ:
ಉತ್ತರಪಯಣಿಗರೇ, ನನ್ನ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ, ಅವರೂ ಕೋಲು ಹಿಡಿದೇ ನಡೆಯುವವರು. ಆದ್ದರಿಂದ ನಿಮ್ಮ ತಾಯಿಯವರ ಬಗ್ಗೆ ಹೇಳಬಲ್ಲೆ.

ಜಲಪಾತವನ್ನು ಮೇಲಿನಿಂದ ನೋಡಲು ಕಮರಿಯ ಎರಡೂ ಬದಿಗಳಲ್ಲಿ ವ್ಯವಸ್ಥೆಯಿದೆ. ಒಂದು, ಹೆದ್ದಾರಿಯ ಬದಿ. ಇನ್ನೊಂದು, ಫೊಸ್ಲಿ ಹೋಟೆಲು ಇರುವ ಬದಿ. ಎರಡಕ್ಕೂ ಕಾರಿನಲ್ಲೇ ಹತ್ತಿರ ಹೋಗಬಹುದು. ಫೊಸ್ಲಿಯ ಬದಿಯಲ್ಲಿ ಅಂಚಿನುದ್ದಕ್ಕೂ ಕಂಬಿ ಹಾಕಿದ ದಾರಿ, ನಿಂತು ನೋಡುವ ಕಟ್ಟೆಗಳು ಇವೆ. ವಾಸ್ತುಶಿಲ್ಪಿ ಕಾರ್ಲ್-ವಿಗ್ಗೋ ಹೋಲ್ಮೆಬಾಕ್ ಅವರ ವಿನ್ಯಾಸ ಅದು. 2020ರಲ್ಲಿ ಜಲಪಾತದ ನೆತ್ತಿಯ ಬಳಿ ನದಿಗೆ ಅಡ್ಡಲಾಗಿ ಮೆಟ್ಟಿಲುಸೇತುವೆಯನ್ನೂ ಕಟ್ಟಿದರು. ಒಂದು ದಂಡೆ ಎತ್ತರ, ಇನ್ನೊಂದು ತಗ್ಗು ಇರುವುದರಿಂದ ಸೇತುವೆಯೇ ಮೆಟ್ಟಿಲಾಗಿದೆ, ಒಟ್ಟು 99 ಮೆಟ್ಟಿಲುಗಳು.

ನಿಮ್ಮ ತಾಯಿಯವರು ಆ ಸೇತುವೆಯನ್ನು ಹತ್ತಲೇಬೇಕಾಗಿಲ್ಲ. ಅದು ಎರಡು ಬದಿಗಳನ್ನು ಜೋಡಿಸುವ ದಾರಿ, ನೋಟಕ್ಕೆ ಅನಿವಾರ್ಯವಲ್ಲ. ಒಂದು ಬದಿಯಲ್ಲಿ ನೋಡಿ, ಕಾರಿನಲ್ಲಿ ಸುತ್ತಿಕೊಂಡು ಬಂದು ಇನ್ನೊಂದು ಬದಿಯಿಂದ ನೋಡಬಹುದು. ನಾವು ಹಾಗೆಯೇ ಮಾಡಿದೆವು. ಅತ್ತೆಯವರು ಕಂಬಿಯ ಬಳಿ ನಿಂತಿದ್ದಾಗ ಕಮರಿಯೊಳಗಿನಿಂದ ಗಾಳಿ ಮೇಲಕ್ಕೆ ತೀಡಿ, ಅವರ ಉಣ್ಣೆಯ ಶಾಲಿನ ಎಳೆಎಳೆಯ ಮೇಲೂ ಸಾಸಿವೆಗಿಂತ ಸಣ್ಣ ಹನಿಗಳು ಕೂತವು. ಮಳೆ ಕೆಳಗಿನಿಂದ ಬರುತ್ತಿದೆಯಲ್ಲ ಎಂದು ಅವರು ಬೆರಗಾದರು. ಒಂದು ಮಳೆಯಂಗಿ, ಕನ್ನಡಕ ಒರೆಸಲು ಒಣಬಟ್ಟೆ ಇಟ್ಟುಕೊಳ್ಳಿ. ಆ ಜಾಗ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಫ್ಯೋರ್ಡಿನ ದಡದಲ್ಲಿ ಬೆಚ್ಚಗಿದ್ದರೂ ಮೇಲೆ ಚಳಿ ಇರುತ್ತದೆ.

ಉತ್ತರಪಯಣಿಗ:
ನಿಧಾನನಡಿಗೆಯವರೇ, ನಿಮಗೆ ತುಂಬು ಹೃದಯದ ಧನ್ಯವಾದಗಳು. ತಾಯಿಯವರಿಗೆ ಓದಿ ಹೇಳಿದೆ, ಅವರ ಆತಂಕ ಅರ್ಧದಷ್ಟು ಕಡಿಮೆಯಾಯಿತು.

ಅವರು ಮೇಲೆ ಕುಳಿತಿರುವಾಗ ನಾನೊಬ್ಬನೇ ಕೆಳಗಿಳಿದು ಜಲಪಾತದ ಬುಡಕ್ಕೆ ಹೋಗಿಬರಲು ಸಾಧ್ಯವೇ?

ಚಾರಣಪ್ರಿಯ:
ಸಾಧ್ಯವಿದೆ, ಆದರೆ ನೋಡುಕಟ್ಟೆಯಿಂದ ನೇರವಾಗಿ ಇಳಿಯುವ ದಾರಿಯೆಂದು ಭಾವಿಸಬೇಡಿ. ಬುಡಕ್ಕೆ ಹೋಗುವ ಕಾಲುದಾರಿ ಕೆಳಗೆ ಮೋಬೋಡಾಲೆನ್ ಕಣಿವೆಯಲ್ಲಿ, ಹೆದ್ದಾರಿಯ ಸುರಂಗಗಳ ನಡುವಿನ ನಿಲುಗಡೆಯಿಂದ ಆರಂಭವಾಗುತ್ತದೆ. ನದಿಯ ಪಕ್ಕದಲ್ಲೇ ಸಾಗಿ, ತೂಗುಸೇತುವೆಯನ್ನು ದಾಟಿ ಮುಂದುವರಿಯುತ್ತದೆ. ಅದನ್ನು ದಾರಿ ಎನ್ನುವುದಕ್ಕಿಂತ ಬಂಡೆಗಳ ರಾಶಿ ಎಂದರೆ ಸರಿಯಾದೀತು. ಜಲಪಾತ ಹತ್ತಿರವಾದಂತೆ ಪ್ರತಿಯೊಂದು ಕಲ್ಲೂ ಒದ್ದೆಯಾಗಿ, ಪಾಚಿ ಕಟ್ಟಿ ಜಾರುತ್ತದೆ. ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ. ಹಿಡಿತವಿರುವ ಚಾರಣದ ಬೂಟು ಕಡ್ಡಾಯ.

ಇನ್ನೂ ಮುಖ್ಯವಾದ ಮಾತು. ಆ ಕಮರಿಯ ಗೋಡೆಗಳಿಂದ ಕಲ್ಲು ಉರುಳುತ್ತವೆ. ಹಗಲು ಕರಗಿದ ನೀರು ಬಿರುಕುಗಳಿಗಿಳಿದು ರಾತ್ರಿ ಹೆಪ್ಪುಗಟ್ಟಿ ಬಂಡೆಯನ್ನು ಸೀಳುವುದರಿಂದ ವಸಂತದಲ್ಲಿ ಈ ಅಪಾಯ ಹೆಚ್ಚು. ಕಲ್ಲುಬೀಳುವ ಕಾರಣಕ್ಕೆ ಆ ದಾರಿಯನ್ನು ಮುಚ್ಚಿದ್ದೂ ಉಂಟು. ಫಲಕದಲ್ಲಿ ಮುಚ್ಚಿದೆ ಎಂದಿದ್ದರೆ ಹಿಂದಿರುಗಿ ಬನ್ನಿ, ಬೇರೆಯವರು ದಾಟಿ ಹೋಗುತ್ತಿದ್ದರೂ ಸರಿ. ನನ್ನ ಕಣ್ಣೆದುರೇ ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಬಂಡೆಗಳ ಮೇಲೆ ಹೋಗುತ್ತಿದ್ದರು. ಬೇಡವೆಂದು ಹೇಳಿದೆ, ಕೇಳಲಿಲ್ಲ. ಇವತ್ತಿಗೂ ಆ ದೃಶ್ಯ ನೆನೆದರೆ ಹೊಟ್ಟೆ ಹಿಂಡುತ್ತದೆ.

ಬೆರ್ಗೆನ್‌ವಾಸಿ:
ಮೇಲಿನ ಅಂಚಿಗೂ ಇದೇ ಮಾತು ಅನ್ವಯಿಸುತ್ತದೆ. ಚಿತ್ರ ತೆಗೆಯಲೆಂದು ಕಂಬಿ ದಾಟಿದವರು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಅಂಚಿನ ಹುಲ್ಲು ಗಟ್ಟಿ ನೆಲದಂತೆ ಕಾಣುತ್ತದೆ, ಅದರ ಕೆಳಗೆ ಏನೂ ಇಲ್ಲದಿರಬಹುದು.

ಬೆಳಕಿನಬೆನ್ನು:
ಚಿತ್ರಗಳ ಮಾತು ಬಂದದ್ದರಿಂದ, ಕಂಬಿಯ ಈಚೆಗೇ ನಿಂತು ಒಳ್ಳೆಯ ಚಿತ್ರ ತೆಗೆಯುವುದು ಹೇಗೆಂದು ತಿಳಿಸುತ್ತೇನೆ. ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ. ಪ್ರವಾಸಿ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಸಂಜೆ ಏಳರ ಬಳಿಕ ಹೋದರೆ ಕಟ್ಟೆಯ ಮೇಲೆ ನೂಕುನುಗ್ಗಲಿರುವುದಿಲ್ಲ. ನೀರನ್ನು ನೂಲಿನಂತೆ ತೋರಿಸಬೇಕೆಂದರೆ ಅರ್ಧ ಸೆಕೆಂಡಿನ ಶಟರ್ ಸಾಕು, ಆದರೆ ಕ್ಯಾಮೆರಾ ಅಲುಗದಂತೆ ಮುಕ್ಕಾಲಿ ಬೇಕು. ಮಸೂರದ ಮೇಲೆ ಹನಿ ಕೂರುತ್ತಲೇ ಇರುತ್ತದೆ, ಪ್ರತಿ ಚಿತ್ರಕ್ಕೂ ಮೊದಲು ಒರೆಸಿಕೊಳ್ಳಿ.

ಕಾಮನಬಿಲ್ಲಿನ ವಿಷಯದಲ್ಲಿ ಈ ಜಾಗಕ್ಕೊಂದು ವಿಶೇಷವಿದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಬಿಲ್ಲು ಮೂಡುತ್ತದೆ. ಸಮತಟ್ಟು ನೆಲದಲ್ಲಿ ನಿಂತವರಿಗೆ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಆಕಾಶದಲ್ಲಿ ಬಿಲ್ಲು ಕಾಣುವುದೇ ಇಲ್ಲ, ಅದು ನೆಲದ ಕೆಳಗೆ ಹೋಗಿಬಿಡುತ್ತದೆ. ಅಲ್ಲಿ ಜೂನ್ ನಡುಹಗಲಿನಲ್ಲಿ ಸೂರ್ಯ ಸುಮಾರು 53 ಡಿಗ್ರಿ ಏರಿರುತ್ತಾನೆ. ಆದರೂ ಕಮರಿಯ ಅಂಚಿನಲ್ಲಿ ನಿಂತವರ ಕಾಲ ಕೆಳಗೆ ನೂರಾರು ಅಡಿ ತುಂತುರು ತುಂಬಿರುವುದರಿಂದ, ಕೆಳಕ್ಕೆ ಬಗ್ಗಿ ನೋಡಿದಾಗ ಬಿಲ್ಲು ಕಮರಿಯೊಳಗೆ ಕಾಣಿಸುತ್ತದೆ. ನಾನು ಮೊದಲು ನೋಡಿದಾಗ ಅದು ಅರ್ಧವೃತ್ತವನ್ನೂ ಮೀರಿ ಬಾಗಿತ್ತು.

ಮೋಡದಾಚೆ:
ಡ್ರೋನ್ ಹಾರಿಸಬಹುದೇ?

ಬೆಳಕಿನಬೆನ್ನು:
ಐರೋಪ್ಯ ನಿಯಮಗಳೇ ಅಲ್ಲಿಯೂ ನಡೆಯುತ್ತವೆ. ನೆಲದಿಂದ 120 ಮೀಟರಿಗಿಂತ ಮೇಲೆ ಹೋಗುವಂತಿಲ್ಲ, ಡ್ರೋನ್ ಸದಾ ಕಣ್ಣಳತೆಯಲ್ಲಿರಬೇಕು, ಜನರ ಗುಂಪಿನ ಮೇಲೆ ಹಾರಿಸುವಂತಿಲ್ಲ. ಬೇಸಿಗೆಯ ಹಗಲಿನಲ್ಲಿ ಅಲ್ಲಿ ಗುಂಪು ಇದ್ದೇ ಇರುತ್ತದೆ. ಸ್ಥಳೀಯ ಫಲಕಗಳನ್ನೂ ನೋಡಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ ಬೇಡ. ನೀರಿನ ಸದ್ದು ಕೇಳಲು ಬಂದವರ ತಲೆಯ ಮೇಲೆ ಯಂತ್ರದ ಸದ್ದು ಹರಿಸುವುದು ಸರಿಯಲ್ಲ.

ಕಾಡುಹಾದಿ:
ಈ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ.

ವಿದ್ಯುತ್‌ಮಿತ್ರ:
ಕಾಡುಹಾದಿಯವರ ಮೊದಲಿನ ಆಕ್ಷೇಪಕ್ಕೆ ಮರಳುತ್ತೇನೆ, ಏಕೆಂದರೆ ಅದನ್ನು ಹಾಗೆಯೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಿಮದ ನಾಡಿನ ನದಿ ಅಣೆಕಟ್ಟಿಲ್ಲದಿದ್ದಾಗಲೂ ವರ್ಷವಿಡೀ ಒಂದೇ ಸಮನೆ ಹರಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸೊರಗುತ್ತಿತ್ತು, ಹಿಮ ಕರಗಿದಾಗ ಉಕ್ಕುತ್ತಿತ್ತು. ಇಂದು ಬದಲಾಗಿರುವುದು ಆ ಉಕ್ಕುವಿಕೆಯ ಪ್ರಮಾಣ ಮತ್ತು ಕಾಲ. ಕಳೆದುಕೊಂಡದ್ದು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಆ ನೀರಿನಿಂದ ಬಂದ ವಿದ್ಯುತ್ತು ಕಲ್ಲಿದ್ದಲನ್ನು ಸುಡದೆ ಬಂದದ್ದು. ಸಾವಿರಕ್ಕೂ ಕಡಿಮೆ ಜನರಿರುವ ಐಡ್‌ಫ್ಯೋರ್ಡ್ ಪುರಸಭೆಯ ಆದಾಯದಲ್ಲಿ ವಿದ್ಯುತ್ ಯೋಜನೆಯ ತೆರಿಗೆಗೆ ದೊಡ್ಡ ಪಾಲಿದೆ. ಕೊಡುವುದನ್ನು ಕೊಟ್ಟು, ಮೂರೂವರೆ ತಿಂಗಳ ಹರಿವನ್ನು ಷರತ್ತಾಗಿ ಉಳಿಸಿಕೊಂಡದ್ದು ಸೋಲಲ್ಲ, ಚೌಕಾಸಿಯಲ್ಲಿ ಗಳಿಸಿದ್ದು.

ಕಾಡುಹಾದಿ:
ಚೌಕಾಸಿ ನಡೆದದ್ದು ಮನುಷ್ಯರ ನಡುವೆ. ನದಿಯ ಪರವಾಗಿ, ಅದರ ಕೆಳಗಿನ ಮೀನುಗಳ ಪರವಾಗಿ, ತುಂತುರನ್ನೇ ನಂಬಿ ಬಂಡೆಯ ಮೇಲೆ ಬೆಳೆಯುವ ಪಾಚಿ-ಕಲ್ಲುಹೂವುಗಳ ಪರವಾಗಿ ಅಲ್ಲಿ ಕುಳಿತವರು ಯಾರು? ಜಲಪಾತದ ಸುತ್ತ ಸದಾ ತೇವವಿರುವ ಆ ಪಟ್ಟಿಯಲ್ಲಿ ಬದುಕುವ ಸಸ್ಯಗಳಿಗೆ ಹನಿ ಬೀಳುವುದು ಜೂನ್ 1ಕ್ಕೇ ಆರಂಭವಾದರೆ ಸಾಲದು. ಪ್ರವಾಸಿಯ ಕಣ್ಣಿಗೆ ಮೂರೂವರೆ ತಿಂಗಳು ಸಾಕು ಎಂದು ನಾವು ತೀರ್ಮಾನಿಸಿದೆವು, ಅಷ್ಟೇ.

ವಿದ್ಯುತ್‌ಮಿತ್ರ:
ತುಂತುರಿನ ಸಸ್ಯಗಳ ವಿಷಯದಲ್ಲಿ ನಿಮ್ಮ ಮಾತು ನ್ಯಾಯವಾದದ್ದು. ಇಂತಹ ಷರತ್ತುಗಳನ್ನು ಬರೆಯುವಾಗ ನೋಟಕ್ಕೆ ಕೊಟ್ಟ ತೂಕವನ್ನು ಜೀವಿಗಳಿಗೆ ಕೊಡಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಾಗೆಂದು ಜಲಪಾತವನ್ನು ನೋಡಲು ಹೋಗುವುದೇ ತಪ್ಪು ಎಂಬುದನ್ನು ಒಪ್ಪಲಾರೆ. ಜನ ಬಂದು ನೋಡುತ್ತಿರುವವರೆಗೆ ಆ 12 ಘನ ಮೀಟರನ್ನು ಕಡಿಮೆ ಮಾಡಲು ಯಾರಿಗೂ ಸುಲಭವಾಗುವುದಿಲ್ಲ.

ಹಳೆಯಓದುಗ:
ಜನ ಬಂದು ನೋಡುವ ರೂಢಿ ಅಲ್ಲಿ ಹಳೆಯದು ಎಂಬುದನ್ನೂ ಗಮನಿಸಬೇಕು. ಫೊಸ್ಲಿ ಹೋಟೆಲು ಆರಂಭವಾದದ್ದು 1890ರ ದಶಕದಲ್ಲಿ. ಆಗ ಮೋಬೋಡಾಲೆನ್‌ನಲ್ಲಿ ವಾಹನದ ರಸ್ತೆಯಿರಲಿಲ್ಲ. ಕಟ್ಟಡದ ಸಾಮಗ್ರಿಗಳನ್ನು ಕುದುರೆಗಳ ಬೆನ್ನ ಮೇಲೆ, ಸಾವಿರಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳಿರುವ ಕಾಲುದಾರಿಯಲ್ಲಿ ಮೇಲಕ್ಕೆ ಸಾಗಿಸಿದರು. 1896ರಲ್ಲಿ ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್ ಅಲ್ಲಿ ಉಳಿದು ಕೆಲಸ ಮಾಡಿದ್ದರು. ಅಂದು ಅವರು ನೋಡಿದ್ದು ಅಣೆಕಟ್ಟಿಲ್ಲದ ನದಿಯನ್ನು.

ಚಾರಣಪ್ರಿಯ:
ಆ ಕಣಿವೆಯ ಹಳೆಯ ರಸ್ತೆಯನ್ನು ಈಗ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಬಿಟ್ಟಿದ್ದಾರೆ. ವಾಹನಗಳು ಬೆಟ್ಟದೊಳಗೆ ಸುತ್ತುತ್ತಾ ಏರುವ ಸುರಂಗಗಳಲ್ಲಿ ಹೋಗುತ್ತವೆ.

ಅಣೆಕಟ್ಟಿಲ್ಲದ ನದಿಯನ್ನೇ ನೋಡಬೇಕೆನ್ನುವವರಿಗೆ ವೆಟ್ಟಿಸ್‌ಫೊಸ್ಸೆನ್‌ವರೆಗೂ ಹೋಗುವ ಅಗತ್ಯವಿಲ್ಲ. ಐಡ್‌ಫ್ಯೋರ್ಡಿನಿಂದ ಹೆಚ್ಚು ದೂರವಿಲ್ಲದ ಕಿನ್ಸಾರ್ವಿಕ್ ಊರಿನ ಹಿಂದೆ ಹೂಸೆಡಾಲೆನ್ ಕಣಿವೆಯಿದೆ. ಅಲ್ಲಿ ಹಾರ್ಡಂಗರ್‌ವಿಡ್ಡದಿಂದ ಇಳಿಯುವ ಕಿನ್ಸೊ ನದಿ ಒಂದರ ಮೇಲೊಂದು ನಾಲ್ಕು ಜಲಪಾತಗಳಾಗಿ ಧುಮುಕುತ್ತದೆ. ವಿದ್ಯುತ್ ಯೋಜನೆಗಳಿಂದ ಆ ನದಿಯನ್ನು ಸಂರಕ್ಷಿಸಲಾಗಿದೆ. ನಾಲ್ಕನ್ನೂ ನೋಡಿ ಬರಲು ಐದಾರು ಗಂಟೆ ಬೇಕು. ಮೊದಲನೆಯದನ್ನಷ್ಟೇ ನೋಡಿ ಮರಳಿದರೂ ನಷ್ಟವಿಲ್ಲ. ಹಿಮ ಕರಗುವ ಕಾಲದಲ್ಲಿ ನದಿ ಹೇಗೆ ಉಕ್ಕುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ, ಮೇ ಕೊನೆಯಲ್ಲೂ ಜೂನ್ ಆರಂಭದಲ್ಲೂ.

ಕಾಡುಹಾದಿ:
ಹೂಸೆಡಾಲೆನ್ ಹೆಸರನ್ನು ಇಲ್ಲಿ ತಂದದ್ದಕ್ಕೆ ಚಾರಣಪ್ರಿಯರಿಗೆ ಕೃತಜ್ಞತೆಗಳು. ಉತ್ತರಪಯಣಿಗರು ಎರಡನ್ನೂ ನೋಡಲಿ. ಎರಡು ನದಿಗಳೂ ಒಂದೇ ಪ್ರಸ್ಥಭೂಮಿಯಿಂದ ಇಳಿದುಬರುತ್ತವೆ, ನಮ್ಮ ವಾದವನ್ನು ಅವರೇ ಅಲ್ಲಿ ನಿಂತು ತೂಗಿ ನೋಡಬಹುದು.

ಬೆರ್ಗೆನ್‌ವಾಸಿ:
ದಾರಿಯ ಬಗ್ಗೆಯೂ ಬರೆದುಬಿಡುತ್ತೇನೆ. ಬೆರ್ಗೆನ್‌ನಿಂದ ವೋಸ್ ಮೂಲಕ ಹಾರ್ಡಂಗರ್ ಸೇತುವೆಯನ್ನು ದಾಟಿ ಐಡ್‌ಫ್ಯೋರ್ಡಿಗೆ ಬರುವುದು ಸುಲಭ. ಸುಮಾರು 150 ಕಿಲೋಮೀಟರ್, ನಿಲ್ಲದೆ ಬಂದರೂ ಎರಡೂವರೆ ಗಂಟೆ ಹಿಡಿಯುತ್ತದೆ. 2013ರಲ್ಲಿ ತೆರೆದ ಆ ತೂಗುಸೇತುವೆಯ ಮುಖ್ಯ ಅಂಕಣವೇ 1,310 ಮೀಟರ್ ಇದೆ. ಸೇತುವೆಯ ಎರಡೂ ತುದಿಗಳಲ್ಲಿ ಸುರಂಗದೊಳಗೇ ವೃತ್ತಗಳಿವೆ, ನೀಲಿ ಬೆಳಕಿನಲ್ಲಿ ಏಕಾಏಕಿ ಎದುರಾಗುತ್ತವೆ, ವೇಗ ತಗ್ಗಿಸಿಕೊಳ್ಳಿ. ಸುಂಕವನ್ನು ನಿಂತು ಕಟ್ಟಬೇಕಾಗಿಲ್ಲ, ಕ್ಯಾಮೆರಾದಲ್ಲಿ ದಾಖಲಾಗಿ ಬಾಡಿಗೆ ಕಂಪನಿಯ ಮೂಲಕ ನಿಮ್ಮ ಲೆಕ್ಕಕ್ಕೆ ಬರುತ್ತದೆ. ವೋಸ್ ಕಳೆದ ಮೇಲೆ ದಾರಿ ಬದಿಯಲ್ಲೇ ಶೆರ್ವ್ಸ್‌ಫೊಸ್ಸೆನ್ ಎಂಬ ಜಲಪಾತವೂ ಸಿಗುತ್ತದೆ, ತಾಯಿಯವರಿಗೆ ವಿಶ್ರಾಂತಿಗೂ ಆಯಿತು.

ಐಡ್‌ಫ್ಯೋರ್ಡಿನಿಂದ ಜಲಪಾತಕ್ಕೆ ಅರ್ಧ ಗಂಟೆ ಸಾಕು. ಅಲ್ಲಿಂದ ಓಸ್ಲೋ ಕಡೆಗೆ 7ನೇ ಹೆದ್ದಾರಿ ಪ್ರಸ್ಥಭೂಮಿಯ ಮೇಲೆ 1,200 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತದೆ. ಚಳಿಗಾಲದಲ್ಲಿ ಹಿಮಗಾಳಿ ಬೀಸಿದರೆ ರಸ್ತೆ ಮುಚ್ಚುತ್ತಾರೆ, ಇಲ್ಲವೇ ಹಿಮ ಸರಿಸುವ ವಾಹನದ ಹಿಂದೆ ಸಾಲಾಗಿ ಬಿಡುತ್ತಾರೆ. ಮೇ ತಿಂಗಳಿನಲ್ಲಿ ಸಾಮಾನ್ಯವಾಗಿ ತೆರೆದಿದ್ದರೂ ಬದಿಗಳಲ್ಲಿ ಹಿಮ ಉಳಿದಿರುತ್ತದೆ. ಮತ್ತೊಂದು, ಮೇ 17 ನಾರ್ವೆಯ ಸಂವಿಧಾನ ದಿನ. ಮೆರವಣಿಗೆ ನೋಡಲು ಬಲು ಚೆಂದ, ಆದರೆ ಅಂಗಡಿಗಳು ಮುಚ್ಚಿರುತ್ತವೆ.

ಉತ್ತರಪಯಣಿಗ:
ಇಷ್ಟು ಜನ ಇಷ್ಟು ಅಕ್ಕರೆಯಿಂದ ಬರೆದದ್ದನ್ನು ಓದಿ ನಿರ್ಧಾರ ಸುಲಭವಾಯಿತು. ಪ್ರಯಾಣವನ್ನು ಜೂನ್ ಎರಡನೆಯ ವಾರಕ್ಕೆ ಮುಂದೂಡುತ್ತಿದ್ದೇವೆ. ಮೊದಲ ದಿನ ಕಿನ್ಸಾರ್ವಿಕ್‌ನಲ್ಲಿ ಹೂಸೆಡಾಲೆನ್‌ನ ಕೆಳಗಿನ ಜಲಪಾತ, ಮರುದಿನ ಸಂಜೆ ಜನಸಂದಣಿ ಕಡಿಮೆಯಾದ ಮೇಲೆ ವೋರಿಂಗ್ಸ್‌ಫೊಸ್ಸೆನ್ ಎಂದುಕೊಂಡಿದ್ದೇವೆ. ಕಮರಿಯ ಬುಡಕ್ಕೆ ಇಳಿಯುವ ವಿಚಾರವನ್ನು ಅಲ್ಲಿನ ಫಲಕ ನೋಡಿದ ಮೇಲೆ ತೀರ್ಮಾನಿಸುತ್ತೇನೆ. ಕಾಡುಹಾದಿಯವರ ಪ್ರಶ್ನೆಯೂ ನನ್ನ ಜೊತೆ ಬರುತ್ತದೆ.

ಸೀಸೆನ್ ಅಣೆಕಟ್ಟಿನ ಬಳಿ ನಿಲ್ಲಲು ಅವಕಾಶವಿದೆಯೇ? ಜಲಪಾತದ ನೀರು ಎಲ್ಲಿ ನಿಂತಿದೆ ಎಂಬುದನ್ನೂ ತಾಯಿಯವರಿಗೆ ತೋರಿಸಬೇಕೆನಿಸಿದೆ.

ವಿದ್ಯುತ್‌ಮಿತ್ರ:
ಅವಕಾಶವಿದೆ. ಜಲಪಾತದಿಂದ ಓಸ್ಲೋ ಕಡೆಗೆ ಸ್ವಲ್ಪ ದೂರ ಹೋದರೆ ಬಲಗಡೆ ಕಲ್ಲಿನ ಇಳಿಜಾರು ಕಾಣಿಸುತ್ತದೆ, ಅದೇ ಅಣೆಕಟ್ಟು. ಜೂನ್ ಎರಡನೆಯ ವಾರದಲ್ಲಿ ಜಲಾಶಯ ಇನ್ನೂ ತುಂಬಿರುವುದಿಲ್ಲ, ದಡದ ಸುತ್ತ ನೀರಿಲ್ಲದ ಬೋಳು ಪಟ್ಟಿ ಅಗಲವಾಗಿ ಕಾಣುತ್ತದೆ. ಗಾಳಿ ಜೋರಾಗಿರುತ್ತದೆ, ಕಾರಿನ ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ ತೆರೆಯಿರಿ.

ಬೆರ್ಗೆನ್‌ವಾಸಿ:
ಹೊರಡುವ ದಿನ ಬೆಳಿಗ್ಗೆ ಸಾರ್ವಜನಿಕ ರಸ್ತೆ ಇಲಾಖೆಯ ಮಾಹಿತಿ ಸಂಖ್ಯೆ 175ಕ್ಕೆ ಕರೆ ಮಾಡಿ ಪ್ರಸ್ಥಭೂಮಿಯ ಮೇಲಿನ ರಸ್ತೆಯ ಸ್ಥಿತಿಯನ್ನು ಕೇಳಿಕೊಳ್ಳಿ, ಜೂನ್ ತಿಂಗಳಾದರೂ ಸರಿ.